ಹನ್ನೊಂದನೇ ನಂಬರಿನ ಒಪ್ಪಿಗೆ

ಸಾವೆಂದರೆ ಮೈಲಾರವ್ವನಿಗೆ ಅಂಥ ಹೆದರಿಕೆಯೇನೂ ಇರಲಿಲ್ಲ. ಯಾರಿಗೆ ತಪ್ಪಿದೆ ಹೇಳಿ? ಆದರೆ ಜೀವ ಹೋಗದೆ ಒದ್ದಾಡುವುದು ಮಾತ್ರ ಬೇಡಪ್ಪಾ ಬೇಡ, ವೈರಿಗೂ ಬೇಡ ಎನ್ನುತ್ತಿದ್ದಳು. ಅದನ್ನು ಅವಳು ಕಣ್ಣಾರೆ ಕಂಡವಳು. ಯರಗುಪ್ಪಿಯ ಮನೆಯಲ್ಲಿ ಅವಳ ಅತ್ತೆ ಹತ್ತೊಂಬತ್ತು ದಿನ ಹೋಗಲೂ ಇಲ್ಲ, ಇರಲೂ ಇಲ್ಲ. ಅನ್ನ ಬಿಟ್ಟಿದ್ದಳು, ಕಣ್ಣು ಮಾತ್ರ ತೆರೆದೇ ಇದ್ದವು. ಬಾಯಿಗೆ ಒಂದು ಚಮಚ ನೀರು ಬಿಟ್ಟರೆ ಸಾಕು, ತಲೆಯನ್ನು ಆ ಕಡೆ ಈ ಕಡೆ ಕೊಡವುತ್ತಿದ್ದಳು, ಥೇಟ್ ಮಳೆಯಲ್ಲಿ ತೊಯ್ದ ಕುರಿಯ ಹಾಗೆ.

ಆ ಮನೆ ಕುರಿ ಕಾಯುವವರ ಮನೆ. ದೇವರಿಗೆ ಕುರಿ ಕಡಿಯುವ ಮುಂಚೆ ಅದರ ಬೆನ್ನಿನ ಮೇಲೆ ಭಂಡಾರದ, ಅಂದರೆ ದೇವರ ಅರಿಸಿನದ, ನೀರು ಚಿಮುಕಿಸಿ, ಎಲ್ಲರೂ ಸುಮ್ಮನೆ ನಿಲ್ಲಬೇಕು. ಕುರಿ ಮೈ ಕೊಡವಿತೋ, ಒಪ್ಪಿತು ಎಂದು ಲೆಕ್ಕ. ಕೊಡವುವ ತನಕ ಕತ್ತಿ ಎತ್ತುವ ಹಾಗಿಲ್ಲ. ಒಂದೊಂದು ಕುರಿ ನೀರು ಬಿದ್ದ ಕೂಡಲೇ ಕೊಡವುತ್ತದೆ, ಒಂದೊಂದು ಅರ್ಧ ಗಂಟೆ ಸತಾಯಿಸುತ್ತದೆ. ಕೊಡವಲೇ ಇಲ್ಲವೋ, ಬಂದ ಬೀಗರು ಹಸಿದು ಕೂತಿದ್ದರೂ ಸರಿಯೇ, ಅದನ್ನು ತಿರುಗಿ ಹಿಂಡಿಗೆ ಬಿಡಬೇಕು. ನೀರು ಹಾಕುವ ಕೆಲಸ ಮನೆಯ ಹಿರಿಯ ಹೆಂಗಸಿನದು, ಒಪ್ಪಿತೋ ಇಲ್ಲವೋ ಎಂದು ಹೇಳುವ ಮಾತೂ ಅವಳದೇ.

ಅತ್ತೆ ಒಂದು ಸಲ ಸುಳ್ಳು ಹೇಳಿದ್ದಳು. ಮಂದಿ ಬಂದಿದ್ದರು, ಹೊತ್ತು ನೆತ್ತಿಗೇರಿತ್ತು, ಟಗರು ಕಲ್ಲಿನಂತೆ ನಿಂತುಬಿಟ್ಟಿತ್ತು. "ಕೊಡವೇತಿ, ನಾ ನೋಡೀನಿ, ಕಡೀರಿ" ಅಂದುಬಿಟ್ಟಳು. ಇದನ್ನು ಅವಳು ಸೊಸೆಗೆ ಹೇಳಿದ್ದು ಹಾಸಿಗೆ ಹಿಡಿದ ನಾಲ್ಕನೇ ದಿನ, ಮಾತು ನಿಲ್ಲುವ ಮುಂಚೆ. "ಟಗರು ಕಾಲ್ದೆಸಿ ನಿಂತೈತಿ ಮೈಲಾರವ್ವ. ದಾರಿ ಬಿಡವಲ್ದು," ಅಂದಳು. ಮೈಲಾರವ್ವ ತಿರುಗಿ ನೋಡಿದಳು. ಕಾಲ ಬಳಿ ಏನೂ ಇರಲಿಲ್ಲ. ಆದರೆ ಕೌದಿಯ ಆ ತುದಿ, ಯಾರೋ ಕಾಲೂರಿದ ಹಾಗೆ, ಎರಡು ಕಡೆ ತಗ್ಗಾಗಿತ್ತು.

ಇಷ್ಟೆಲ್ಲ ಗೊತ್ತಿದ್ದ ಹೆಂಗಸು ಅದೇ ತಪ್ಪನ್ನು ತಾನೂ ಮಾಡಿದಳಲ್ಲ, ಅದಕ್ಕೆ ಏನೆನ್ನೋಣ! ಅದೂ ಹೋಗಿ ಹೋಗಿ ಒಂದು ಇಲಿಯ ವಿಷಯದಲ್ಲಿ.

ಕುಂದಗೋಳದ ಹೊರಗೆ ರೈಲು ಹಳಿಯ ಬದಿಗೆ ಒಂದು ಹಳೆಯ ಹತ್ತಿ ಗೋದಾಮು ಇತ್ತು. ವಿಜಯೀಂದ್ರ ಎಂಬುವರು, ಧಾರವಾಡದಲ್ಲಿ ಬಹಳ ವರ್ಷ ಪಾಠ ಹೇಳಿದವರು, ಅದನ್ನು ತೊಳೆಸಿ ಬಳಿಸಿ ಒಂದು ಸಣ್ಣ ಪ್ರಯೋಗಾಲಯ ಮಾಡಿದರು. ಅಲ್ಲಿ ತಯಾರಾಗುತ್ತಿದ್ದದ್ದು ಆಂಟಿಬಾಡಿ. ನಾವು ತಿಂದ ಅನ್ನವನ್ನು ಮೈಯೊಳಗೆ ಸುಟ್ಟು ಕಸುವು ಮಾಡುವ ಕಿಣ್ವಗಳು ಇರುತ್ತವಲ್ಲ, ಅವುಗಳಲ್ಲಿ ಒಂದೇ ಒಂದನ್ನು ಹುಡುಕಿ ಹಿಡಿಯುವ ಆಂಟಿಬಾಡಿ. ಸಾವಿರ ವಸ್ತು ಕಲಸಿದ ರಸದಲ್ಲಿ ಹಾಕಿದರೂ ಅದು ಆ ಕಿಣ್ವವನ್ನೇ ಹೋಗಿ ಕಚ್ಚಿಕೊಳ್ಳುತ್ತದೆ, ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಸಂಶೋಧನೆ ಮಾಡುವವರು ಎಲ್ಲೆಲ್ಲಿಂದಲೋ ತರಿಸಿಕೊಳ್ಳುತ್ತಿದ್ದರು. ಮೈಲಾರವ್ವ ಅಲ್ಲಿ ಇಲಿಗಳ ಕೋಣೆ ನೋಡಿಕೊಳ್ಳಲು ಸೇರಿದಾಗ ಅವಳಿಗೆ ನಲವತ್ತನಾಲ್ಕು ವರ್ಷ. ಬಿಳಿ ಇಲಿಗಳು. ಹೊಟ್ಟು ಬದಲಿಸುವುದು, ಕಾಳು ಹಾಕುವುದು, ನೀರಿನ ಬಾಟಲಿ ತುಂಬುವುದು. ಐವತ್ತು ಕುರಿ ಆಳಿದವಳಿಗೆ ಇದೇನು ದೊಡ್ಡ ಕೆಲಸ!

ಮನುಷ್ಯನ ಆ ಕಿಣ್ವವನ್ನು ಇಲಿಗೆ ಚುಚ್ಚಿ, ವಾರಗಟ್ಟಲೆ ಕಾದು, ಆಮೇಲೆ ಇಲಿಯನ್ನು ಕೊಂದು ಹೊಟ್ಟೆಯೊಳಗಿನ ಗುಲ್ಮವನ್ನು ತೆಗೆಯುತ್ತಿದ್ದರು. ಇಲಿಯನ್ನು ಪಂಜರದಿಂದ ತಂದು ಕೊಡುವವಳು ಮೈಲಾರವ್ವ. ಕೊಡುವ ಮುಂಚೆ ಬಾಟಲಿಯ ತುದಿಗೆ ಬೆರಳು ಹಚ್ಚಿ, ಒಂದು ಹನಿ ನೀರನ್ನು ಇಲಿಯ ತಲೆಗೆ ಬಿಡುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ನೋಡಿದ್ದೂ ಇಲ್ಲ. ಮೊದಲ ಹತ್ತು ಇಲಿಗಳೂ ಕೊಡವಿದವು. ಇಲಿಗೆ ಒದ್ದೆ ಅಂದರೆ ಆಗುವುದೇ ಇಲ್ಲ, ಕೊಡವದೆ ಏನು ಮಾಡೀತು.

ಹನ್ನೊಂದನೇ ನಂಬರಿನದು ಕೊಡವಲಿಲ್ಲ. ಹನಿ ಹಣೆಯಿಂದ ಮೀಸೆಗೆ ಇಳಿಯಿತು, ಮೀಸೆಯ ತುದಿಯಲ್ಲಿ ನಿಂತಿತು. ಇಲಿ ಅವಳ ಅಂಗೈಯಲ್ಲಿ ಕೂತು ಅವಳನ್ನೇ ನೋಡುತ್ತಿತ್ತು. ಇನ್ನೊಂದು ಹನಿ ಬಿಟ್ಟಳು. ಊಹೂಂ. ಒಳಗಿಂದ ವಿಜಯೀಂದ್ರರು ಕೂಗಿದರು: "ಮೈಲಾರವ್ವ, ಲಗೂ ತರ್ರಿ, ಎಲ್ಲಾ ತಯಾರದ."

"ಬಂದೆರೀ ಸರ," ಅಂದಳು. ಇಲಿಯ ಕಡೆ ಬಗ್ಗಿ, "ಆತು, ಒಪ್ಪೇತಿ," ಅಂದಳು. ಕೊಟ್ಟಳು.

ಆ ಹನ್ನೊಂದರಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ. ಅದರ ಗುಲ್ಮದ ಕೋಶವನ್ನು ಒಂದು ಕ್ಯಾನ್ಸರ್ ಕೋಶದ ಜೊತೆ ಬೆಸೆದರು. ಆಂಟಿಬಾಡಿ ಮಾಡುವ ಬುದ್ಧಿ ಇಲಿಯದು, ಸಾಯದೆ ಇರುವ ಗುಣ ಕ್ಯಾನ್ಸರಿನದು. ಹೀಗೆ ಹುಟ್ಟಿದ ಒಂದೇ ಒಂದು ಕೋಶ ಎರಡಾಯಿತು, ನಾಲ್ಕಾಯಿತು, ಗುಲಾಬಿ ಬಣ್ಣದ ದ್ರವದಲ್ಲಿ ಕೋಟಿಯಾಯಿತು. ಹೆಸರು ಹನ್ನೊಂದು-ಸಿ-ನಾಲ್ಕು. ಒಂದು ವರ್ಷದ ಮೇಲೆ ವಿಜಯೀಂದ್ರರು ಸಂತೋಷದಲ್ಲಿ ಅವಳನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದರು.

"ನೋಡ್ರಿ, ನಿಮ್ಮ ಹನ್ನೊಂದನೇ ನಂಬರ್ ಇನ್ನೂ ಜೀವಂತ ಅದ."

ದುಂಡಗೆ, ಹೊಳೆಯುತ್ತಾ, ಒತ್ತಾಗಿ ಕೂತಿದ್ದವು. ಮೈಲಾರವ್ವ ಕಣ್ಣು ಹಿಂದಕ್ಕೆ ತೆಗೆದಳು. ಇಲಿಯನ್ನು ಅವಳೇ ಕೆಂಪು ಚೀಲದಲ್ಲಿ ಕಟ್ಟಿ ಒಲೆಗೆ ಕಳಿಸಿದ್ದಳು. "ಇದು ಯಾವಾಗ ಸಾಯ್ತೈತ್ರಿ ಸರ?" ಎಂದು ಕೇಳಿದಳು.

ವಿಜಯೀಂದ್ರರು ನಕ್ಕರು. "ಇದಕ್ಕ ಸಾವಿಲ್ಲರಿ. ಊಟ ಹಾಕಿದಷ್ಟು ದಿನ ಬೆಳೀತದ."

ಅಂದಿನಿಂದ ಅವಳಿಗೆ ಒಂದೇ ಚಿಂತೆ. ಅತ್ತೆಯ ಟಗರು ಸತ್ತು ನಿಂತಿತ್ತು. ಇವಳ ಇಲಿ ಬದುಕಿಯೇ ನಿಂತಿದೆ. ಇದು ಹೋಗದ ಹೊರತು ತನ್ನ ಹೊತ್ತು ಬಂದಾಗ ತನಗೆ ದಾರಿ ಸಿಗುವುದಿಲ್ಲ ಎಂಬುದು ಅವಳ ಎದೆಯಲ್ಲಿ ಊರಿಕೊಂಡಿತು. ಮಗನಿಗೆ ಹೇಳಲಿಲ್ಲ, ಸೊಸೆ ಸುನೀತಾಗೆ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರು, ಅಷ್ಟೇ.

ಕಿಣ್ವ ಸಿಕ್ಕಿತೋ ಇಲ್ಲವೋ ನೋಡಲು ಫಿಲ್ಮಿನ ಮೇಲೆ ಗೆರೆ ಮೂಡಿಸುತ್ತಿದ್ದರು. ಆಂಟಿಬಾಡಿ ಸರಿಯಿದೆಯೇ ಎಂದು ನೋಡಲು ಹೋಲಿಕೆಗೆ ಆ ಕಿಣ್ವ ಹೇರಳವಾಗಿರುವ ಒಂದು ಚೂರು ಕಲೀಜ, ಅಂದರೆ ಯಕೃತ್ತು, ಬೇಕಾಗುತ್ತಿತ್ತು, ಮೈಲಾರವ್ವನೇ ತನ್ನ ಮನೆಯ ಕುರಿಯದನ್ನು ತಂದುಕೊಡುತ್ತಿದ್ದಳು. ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ, ತಟ್ಟೆಯ ದ್ರವದೊಳಗೆ, ಖಾಲಿ ಫಿಲ್ಮಿನ ಮೇಲೆ ಮೆಲ್ಲಗೆ ಒಂದು ಕಪ್ಪು ಗೆರೆ ಏಳುತ್ತಿತ್ತು. ಎಲ್ಲಕ್ಕಿಂತ ದಪ್ಪ ಗೆರೆ ಅವಳ ಮನೆಯ ಕುರಿಯದೇ. ಇಲಿಗೆ ನಮ್ಮ ಮನೆಯ ಗುರುತು ಹತ್ತಿದೆ ಎಂದುಕೊಂಡು ಅವಳು ಕಲೀಜ ತರುವುದನ್ನೇ ನಿಲ್ಲಿಸಿದಳು. ಕೇಳಿದರೆ ಕುರಿ ಮಾರಿದೆವು ಎಂದಳು.

ಆಮೇಲೆ ಇಲಿಗಳ ಕೋಣೆ ಮುಚ್ಚಿದರು. ಮೈಲಾರವ್ವನಿಗೆ ಗಾಜು ತೊಳೆಯುವುದು, ಬೇಡವಾದದ್ದನ್ನು ಆಟೋಕ್ಲೇವಿನ ಹಬೆಯಲ್ಲಿ ಬೇಯಿಸಿ ಎಸೆಯುವುದು, ನೈಟ್ರೋಜನ್ ಟ್ಯಾಂಕು ನೋಡಿಕೊಳ್ಳುವುದು, ಇವು ಕೆಲಸ. ಕೋಶಗಳನ್ನು ತುಂಬಿದ ಬೆರಳುದ್ದದ ಸೀಸೆಗಳು, ವಾಯಲ್‌ಗಳು, ಆ ಟ್ಯಾಂಕಿನ ಹೊಗೆಯಾಡುವ ಚಳಿಯಲ್ಲಿ ಮಲಗಿರುತ್ತವೆ. ಒಂದು ಕಟ್ಟಿಗೆ ಕೋಲು ಇಳಿಬಿಟ್ಟು ತೆಗೆದರೆ, ಬಿಳಿ ಹಿಮ ಎಲ್ಲಿಯವರೆಗೆ ಹತ್ತಿದೆಯೋ ಅಲ್ಲಿಯವರೆಗೆ ದ್ರವ ಇದೆ ಎಂದು ಲೆಕ್ಕ.

ಲಾಕ್‌ಡೌನ್ ಬಂದಾಗ ಕೀಲಿ ಇದ್ದದ್ದು ಅವಳ ಹತ್ತಿರ. ವಿಜಯೀಂದ್ರರು ಧಾರವಾಡದಲ್ಲಿ ಸಿಕ್ಕಿಕೊಂಡಿದ್ದರು. ವಾರಕ್ಕೊಮ್ಮೆ ಕೋಲು ಇಳಿಸಿ ಫೋನು ಮಾಡಬೇಕು, ಕಡಿಮೆಯಾದರೆ ಹೇಗಾದರೂ ನೈಟ್ರೋಜನ್ ಕಳಿಸುತ್ತೇವೆ ಎಂದಿದ್ದರು. ಮೂರನೇ ವಾರ ಕೋಲಿಗೆ ನಾಲ್ಕು ಬೆರಳು ಹಿಮ, ನಾಲ್ಕನೇ ವಾರ ಏನೂ ಇಲ್ಲ. ಮೈಲಾರವ್ವ ಒಣಕೋಲನ್ನು ಕೈಯಲ್ಲಿ ಹಿಡಿದೇ ಫೋನಿನಲ್ಲಿ, "ಐತ್ರಿ ಸರ, ಸಾಕಷ್ಟೈತಿ," ಅಂದಳು. ನಾನೇನು ಕೊಲ್ಲುತ್ತಿಲ್ಲವಲ್ಲ, ತಾನಾಗಿ ಹೋದರೆ ಹೋಗಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಪಾಪ, ಅವಳೂ ಮನುಷ್ಯಳೇ ಅಲ್ಲವೇ.

ಮುಂದೆ ಬಾಗಿಲು ತೆರೆದು ನೋಡಿದರೆ ನಲವತ್ತಾರು ಬಗೆಯ ಕೋಶಗಳು ಸತ್ತಿದ್ದವು. ಟ್ಯಾಂಕಿನ ಮುಚ್ಚಳ ಸೋರಿದೆ ಎಂದು ವಿಜಯೀಂದ್ರರು ಕಣ್ಣಲ್ಲಿ ನೀರು ತಂದುಕೊಂಡರು. ಬಿಸಿ ಮಾಡಿ ಎಬ್ಬಿಸಿದಾಗ ಎದ್ದದ್ದು ಒಂದೇ. ಹನ್ನೊಂದು-ಸಿ-ನಾಲ್ಕು. ಅದೂ ಮೊದಲಿಗಿಂತ ಜೋರಾಗಿ ಬೆಳೆಯಿತು. ಮೈಲಾರವ್ವ ಅಂದು ಊಟ ಮಾಡಲಿಲ್ಲ.

ಇದೆಲ್ಲ ಆಗಿ ಐದು ವರ್ಷ. ಈ ಮಾರ್ಚಿಗೆ ಮೈಲಾರವ್ವನಿಗೆ ಅರವತ್ತು ತುಂಬಿತು, ತಿಂಗಳ ಕೊನೆಗೆ ನಿವೃತ್ತಿ. ತಿಂಗಳ ಮೊದಲ ವಾರದಲ್ಲಿ ವಿಜಯೀಂದ್ರರು ಬಂದು ಟ್ಯಾಂಕಿನ ಬಾಯಿ ತೋರಿಸಿ ಹೇಳಿದರು: "ಮೈಲಾರವ್ವ, ಹನ್ನೊಂದರ ಹದಿನಾಲ್ಕು ವಾಯಲ್ ಅವ. ಇನ್ನ ಇವು ನಮಗ ಬ್ಯಾಡ. ಗುಟ್ಟೆಲ್ಲಾ ಓದಿ ಕಂಪ್ಯೂಟರಿನ್ಯಾಗ ಇಟ್ಟೇವಿ. ನೀವು ಹೋಗೂದರಾಗ ಎಲ್ಲಾ ಆಟೋಕ್ಲೇವ್‌ಗೆ ಹಾಕಿಬಿಡ್ರಿ."

ಅವಳಿಗೆ ಮೊದಲು ಕಿವಿಯ ಮೇಲೆ ನಂಬಿಕೆಯೇ ಬರಲಿಲ್ಲ. ಹದಿನಾರು ವರ್ಷ ಕಾದದ್ದು ತಾನಾಗಿಯೇ ಕಾಲ ಬಳಿ ಬಂದು ಬಿದ್ದಿತ್ತು. ಕಂಪ್ಯೂಟರಿನ ಮಾತು ಅವಳ ತಲೆಗೆ ಹೋಗಲೇ ಇಲ್ಲ. ಅಲ್ಲಿ ದಿನಾ ಏನೇನೋ ಕಂಪ್ಯೂಟರಿನಲ್ಲಿ ಇಡುತ್ತಲೇ ಇದ್ದರು.

ಆದರೆ ಈ ಸಲ ಕೇಳಿಯೇ ಹಾಕಬೇಕು ಎಂದು ನಿಶ್ಚಯ ಮಾಡಿದಳು. ವೃಂದಾಳ ಹತ್ತಿರ ಹೋದಳು. ವೃಂದಾ ಅಲ್ಲಿಯ ಕೋಶಗಳನ್ನು ಬೆಳೆಸುವ ಹುಡುಗಿ, ಮೂರು ವರ್ಷದಿಂದ ಇದ್ದಾಳೆ, ಮೈಲಾರವ್ವನ ರೊಟ್ಟಿ-ಪುಂಡಿಪಲ್ಯ ಅಂದರೆ ಜೀವ ಬಿಡುತ್ತಾಳೆ.

"ವೃಂದಾ ಬಾಯಾರ, ಹನ್ನೊಂದರಾಗ ಒಂದ ವಾಯಲ್ ಎಬ್ಬಸ್ರಿ."

"ಯಾಕ್ರಿ ಮಾವಶಿ? ಹೆಂಗೂ ಒಗಿಯೂದದ ಅಲ್ಲ?"

"ಮಲಗಿದ್ದನ್ನ ಕೇಳಾಕ ಬರೂದಿಲ್ಲರೀ."

ಆಗ ಎಲ್ಲ ಹೇಳಿಬಿಟ್ಟಳು. ಟಗರು, ಅತ್ತೆ, ಮೀಸೆಯ ಮೇಲೆ ನಿಂತ ಹನಿ, ಒಣಕೋಲು. ವೃಂದಾ ಮೊದಲು ನಕ್ಕಳು, ಒಣಕೋಲಿನ ಮಾತಿಗೆ ಬಂದಾಗ ನಗು ನಿಂತಿತು. "ಸರ್‌ಗೆ ಹೇಳಬ್ಯಾಡ್ರಿ ಮತ್ತ," ಎಂದಷ್ಟೇ ಅಂದು, ಒಂದು ವಾಯಲನ್ನು ಬಿಸಿನೀರಿನಲ್ಲಿ ಆಡಿಸಿ ಕರಗಿಸಿದಳು. ನಾಲ್ಕು ದಿನದಲ್ಲಿ ಫ್ಲಾಸ್ಕು ತುಂಬ ಕೋಶ.

ಶನಿವಾರ ಮಧ್ಯಾಹ್ನ, ಎಲ್ಲರೂ ಹೋದ ಮೇಲೆ ಇಬ್ಬರೇ ಉಳಿದರು. ವೃಂದಾ ಫ್ಯಾನು, ಎಸಿ ಎಲ್ಲ ಆರಿಸಿದಳು. ಫ್ಲಾಸ್ಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣು ಹಚ್ಚಿದಳು. ಪಕ್ಕದಲ್ಲಿ ಒಂದು ಬೀಕರಿನ ತುಂಬ ನೀರು. ಮೈಲಾರವ್ವ ಸೆರಗು ತಲೆಗೆ ಎಳೆದುಕೊಂಡು, ಬೀಕರಿನಿಂದ ಒಂದು ಹನಿ ತೆಗೆದು ಫ್ಲಾಸ್ಕಿನೊಳಗೆ ಬಿಟ್ಟಳು. ಹನಿ ಬಿದ್ದ ಅಲೆ ಅಡಗಿತು. ಇಬ್ಬರೂ ಸುಮ್ಮನೆ ಕಾದರು.

ಹತ್ತು ನಿಮಿಷದ ಮೇಲೆ ವೃಂದಾ, "ಅಲ್ಲಾಡ್ತ್ರಿ! ಮಾವಶಿ, ಎಲ್ಲಾ ನಡುಗ್ಲಿಕತ್ತಾವ!" ಎಂದು ಕೂಗಿದಳು.

ಮೈಲಾರವ್ವ ಬೀಕರಿನ ಕಡೆ ನೋಡಿದಳು. ನೀರಿನ ಮೇಲೆ ಬಳೆ ಬಳೆಯಾಗಿ ಅಲೆ ಏಳುತ್ತಿತ್ತು. ಹೊರಗೆ ಗಡಗಡ ಸದ್ದು ಮಾಡುತ್ತ ರೈಲು ಹೋಯಿತು.

"ಅದು ರೈಲಿಂದರೀ," ಅಂದಳು. "ಮಂದಿ ಮುಟ್ಟಿ ಅಲುಗಿಸಿದ್ದು ನಮ್ಮಲ್ಲಿ ನಡಿಯೂದಿಲ್ಲ."

"ಯಾರಿಗೆ ಗೊತ್ತಾಗ್ತದರಿ, ಹಾಕಿಬಿಡೂಣು."

"ನನಗ ಗೊತ್ತಾಗ್ತೈತಿ. ಅದಕ್ಕೂ ಗೊತ್ತಾಗ್ತೈತಿ."

ಮತ್ತೆ ಕಾದರು. ಗೋಡೆಯ ಗಡಿಯಾರ ಬಿಟ್ಟರೆ ಸದ್ದಿಲ್ಲ. ಹೊರಗೆ ಯರಿ ಹೊಲದ ಕಡೆಯಿಂದ ಬರುವ ಗಾಳಿಯೂ ನಿಂತಿತ್ತು. ಬೀಕರಿನ ನೀರು ಕನ್ನಡಿಯಂತೆ ಮಲಗಿತು. ಮೈಲಾರವ್ವ ಫ್ಲಾಸ್ಕಿಗೆ ಬಾಯಿ ಹತ್ತಿರ ಮಾಡಿದಳು. ವೃಂದಾಗೆ ಕೇಳಿಸುತ್ತದೆ ಎಂಬ ನಾಚಿಕೆಯೂ ಅವಳಿಗೆ ಆಗ ಇರಲಿಲ್ಲ.

"ಅವತ್ತ ನೀ ಒಪ್ಪಲಿಲ್ಲ. ನಾನ ಸುಳ್ಳ ಹೇಳಿದೆ. ನನ್ನ ತಪ್ಪು, ಸರ್‌ದಲ್ಲ. ಹದಿನಾರು ವರ್ಷ ನಿನ್ನ ಮಲಗಾಕ ಬಿಡಲಿಲ್ಲ, ಸಾಯಾಕ ಬಿಡಲಿಲ್ಲ. ಈಗ ಹೋಗ್ತಿಯೇನವಾ? ಇನ್ನ ಮ್ಯಾಲ ನಿನ್ನ ಯಾರೂ ಎಬ್ಬಸೂದಿಲ್ಲ, ನಿನ್ನ ಕಡೆ ಯಾರೂ ದುಡಸ್ಕೊಳ್ಳೂದಿಲ್ಲ. ನಾ ಮಾತು ಕೊಡ್ತೀನಿ."

ವೃಂದಾ ಕಣ್ಣು ಎತ್ತಿ ಏನೋ ಹೇಳಲು ಹೋದಳು. ಬಾಯಿ ತೆರೆದವಳು ಮತ್ತೆ ಮುಚ್ಚಿದಳು, ತಿರುಗಿ ಕಣ್ಣು ಹಚ್ಚಿದಳು. ಹಚ್ಚಿದ್ದೇ ತಡ, ಕುರ್ಚಿ ಹಿಂದಕ್ಕೆ ಬಿತ್ತು.

"ಟೇಬಲ್ ಮುಟ್ಟಿದ್ರಿ?"

"ಇಲ್ಲ."

"ಖರೇ ಹೇಳ್ರಿ ಮಾವಶಿ, ಮುಟ್ಟಿದ್ರಿ?"

ಮೈಲಾರವ್ವ ಎರಡೂ ಕೈ ಎತ್ತಿ ತೋರಿಸಿದಳು. ಬೀಕರಿನ ನೀರಿನಲ್ಲಿ ಒಂದು ಗೆರೆಯೂ ಇರಲಿಲ್ಲ. ಒಳಗೆ ಒಂದೂ ಬಿಡದೆ ಎಲ್ಲ ಕೋಶಗಳೂ ಒಟ್ಟಿಗೆ ತಳ ಬಿಟ್ಟು ಎದ್ದು, ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ ಹೊರಳಿ, ಮತ್ತೆ ಕೂತವು ಎಂದು ವೃಂದಾ ಹೇಳಿದಳು. ಮೈಲಾರವ್ವ ಅತ್ತುಬಿಟ್ಟಳು. ಫ್ಲಾಸ್ಕನ್ನೂ ಉಳಿದ ಹದಿಮೂರು ವಾಯಲ್‌ಗಳನ್ನೂ ತಾನೇ ಚೀಲದಲ್ಲಿ ಕಟ್ಟಿ, ಮೇಲೆ ಒಂದು ಚಿಟಿಕೆ ಭಂಡಾರ ಹಾಕಿ, ಆಟೋಕ್ಲೇವಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಹಬೆ ಸುಯ್ಯೆಂದು ಏರಿತು, ಇಳಿಯಿತು.

ಅಂದಿನಿಂದ ಅವಳ ಮುಖವೇ ಬದಲಾಯಿತು. ರಾತ್ರಿ ತಲೆ ಇಟ್ಟರೆ ಬೆಳಗಿನ ತನಕ ಎಚ್ಚರವಿಲ್ಲ. "ಅತ್ತಿ, ಭಾಳ ಖುಷಿಯಾಗೀರಿ ಈಗೀಗ," ಎಂದು ಸುನೀತಾ ಕೂಡ ಛೇಡಿಸಿದಳು. ವೃಂದಾ ಮಾತ್ರ ಯಾಕೋ ಅವಳ ಎದುರು ನಿಲ್ಲುತ್ತಿರಲಿಲ್ಲ. ರೊಟ್ಟಿ ಕೊಟ್ಟರೆ ಹಸಿವಿಲ್ಲ ಎನ್ನುತ್ತಿದ್ದಳು.

ತಿಂಗಳ ಕೊನೆಯ ಶುಕ್ರವಾರ ಮೈಲಾರವ್ವನ ಕೊನೆಯ ದಿನ. ಶಾಲು ಹೊದಿಸಿದರು, ಪೇಢೆ ಹಂಚಿದರು. ವಿಜಯೀಂದ್ರರು ನಾಲ್ಕು ಒಳ್ಳೆಯ ಮಾತು ಆಡಿದರು, ಅವಳಿಗೂ ಕಣ್ಣು ತುಂಬಿತು. ಅಷ್ಟರಲ್ಲಿ ಕೊರಿಯರ್‌ನವ ಒಂದು ಬಿಳಿ ಥರ್ಮಾಕೋಲ್ ಡಬ್ಬಿ ತಂದಿಟ್ಟ. ವಿಜಯೀಂದ್ರರು ಮಗುವಿನ ಹಾಗೆ ಆತುರದಿಂದ ಟೇಪು ಹರಿದು, ಮಂಜಿನೊಳಗಿಂದ ಒಂದು ಸಣ್ಣ ವಾಯಲ್ ತೆಗೆದು ಅವಳ ಅಂಗೈಯಲ್ಲಿಟ್ಟರು.

"ನಿಮ್ಮ ಕೈಯಿಂದನ ಫ್ರಿಜ್ಜಿಗೆ ಹೋಗಲಿ. ನಿಮ್ಮ ಕೈಗುಣ."

ಚೀಟಿಯ ಮೇಲಿನ ಇಂಗ್ಲಿಷ್ ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಹದಿನಾರು ವರ್ಷ ಕಂಡ ಅಂಕಿ ಗೊತ್ತಾಗದೆ ಹೋದೀತೇ? ಹನ್ನೊಂದು, ಒಂದು ಅಕ್ಷರ, ನಾಲ್ಕು.

"ಇದು... ಇದ್ಯಾವುದ್ರಿ ಸರ?"

"ಅದನರಿ! ನಿಮ್ಮ ಇಲಿದು. ಅದರ ಗುಟ್ಟು ಓದಿ ಇಟ್ಟೇವಿ ಅಂದಿದ್ದೆನಲ್ಲ? ಆ ಬರಹಾನ ಕಳಿಸಿದ್ವಿ, ಅವರು ಬ್ಯಾರೆ ಕೋಶದಾಗ ಹಾಕಿ ಅದನ್ನ ಮಾಡಿ ಕೊಟ್ಟಾರ. ಇನ್ನ ಇಲಿ ಬ್ಯಾಡ, ಟ್ಯಾಂಕ್ ಬ್ಯಾಡ. ಯಾವ ಊರಾಗ ಬೇಕಾದ್ರೂ, ಎಷ್ಟು ವರ್ಷ ಬೇಕಾದ್ರೂ ಮಾಡಬಹುದು. ಇದಕ್ಕ ಇನ್ನ ಖರೇನ ಸಾವಿಲ್ಲ ನೋಡ್ರಿ."

ಅವರು ಪೇಢೆಯ ಡಬ್ಬಿ ಹಿಡಿದು ಆ ಕಡೆ ಹೋದರು. ಮೈಲಾರವ್ವ ವೃಂದಾಳ ಕಡೆ ನೋಡಿದಳು. ವೃಂದಾ ನೆಲ ನೋಡುತ್ತಿದ್ದಳು.

"ನಿಮಗ ಗೊತ್ತಿತ್ತೇನ್ರಿ ಬಾಯಾರ?"

"ಗೊತ್ತಿತ್ತ್ರಿ. ನೀವು ಮಾತು ಕೊಡೂ ಹೊತ್ತಿಗೆ ಹೇಳಬೇಕಂತ ಬಾಯಿ ತಗದೆ ಮಾವಶಿ... ಅಷ್ಟರಾಗ ಅದು ಕೊಡವಿಬಿಡ್ತು."

ಮೈಲಾರವ್ವ ಅಂಗೈ ನೋಡಿಕೊಂಡಳು. ವಾಯಲ್ ತಣ್ಣಗೆ ಕೂತಿತ್ತು. ಮಂಜು ಕರಗಿ ಅದರ ಮುಚ್ಚಳದ ಅಂಚಿಗೆ ಒಂದು ಹನಿ ಇಳಿದು ನಿಂತಿತ್ತು, ಬೀಳಲಿಲ್ಲ. "ಆವಾಗ ಅದು ಒಪ್ಪಲಿಲ್ಲ, ನಾ ಸುಳ್ಳ ಹೇಳಿದೆ," ಅಂದಳು. "ಈ ಸಲ ಒಪ್ಪಿತವಾ. ನನ್ನ ಮಾತು ನಂಬಿ ಒಪ್ಪಿತು." ಅವಳ ಕಣ್ಣು ಕತ್ತಲೆಗಟ್ಟಿತು. ವೃಂದಾ ವಾಯಲನ್ನು ಕೈಯಿಂದ ತೆಗೆದಿಟ್ಟು ಅವಳನ್ನು ಕುರ್ಚಿಯಲ್ಲಿ ಕೂಡಿಸಿದಳು. ಗಾಬರಿಯಲ್ಲಿ ಮೇಜಿನ ಮೇಲಿದ್ದ ಬಾಟಲಿ ಎತ್ತಿ, ಅಂಗೈ ತುಂಬ ನೀರು ಮುಖಕ್ಕೆ ಚಿಮುಕಿಸಿದಳು.

ಮುಖಕ್ಕೆ ತಣ್ಣೀರು ಬಿದ್ದರೆ ಯಾರಾದರೂ ತಲೆ ಕೊಡವುತ್ತಾರೆ. ಮೈಲಾರವ್ವ ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದು, ಕುತ್ತಿಗೆ ಬಿಗಿ ಮಾಡಿ ಕೂತಳು. ನೀರು ಹುಬ್ಬಿನಿಂದ ರೆಪ್ಪೆಗೆ, ರೆಪ್ಪೆಯಿಂದ ಗದ್ದಕ್ಕೆ ಇಳಿಯಿತು. ಅವಳು ಕಣ್ಣನ್ನೂ ಪಿಳುಕಿಸಲಿಲ್ಲ.

"ಒರಸ್ಕೋರಿ ಮಾವಶಿ," ಎಂದು ವೃಂದಾ ಟವೆಲ್ ಚಾಚಿದಳು.

"ಬ್ಯಾಡ, ಇರಲಿ ಬಿಡ್ರಿ," ತುಟಿ ಮಾತ್ರ ಅಲುಗಿಸಿ ಮೈಲಾರವ್ವ ಹೇಳಿದಳು. "ಅದು ಇನ್ನೂ ದಾರ್ಯಾಗ ನಿಂತೈತಿ. ನಾ ಈಗ ಕೊಡವೂ ಹಂಗಿಲ್ಲ."